ಹುಚ್ಚು ಹಿಡಿದಿರುವುದು ಹಕ್ಕಿಗಲ್ಲ

ಐ.ಡಿ.ಹಳ್ಳಿ ಸುತ್ತಮುತ್ತ ಈಗ ಯಾರೇ ಹೊಸ ಮನೆ ಕಟ್ಟಿಸಲಿ, ಎರಡು ಸಂಗತಿ ಹೆಚ್ಚುಕಡಿಮೆ ಖಾತ್ರಿ. ಒಂದು, ಮುಂಭಾಗದ ಕಿಟಕಿಗೆ ಕಪ್ಪೋ ನೀಲಿಯೋ ಹಸಿರೋ ಬಣ್ಣದ, ಹೊರಗಿನಿಂದ ಕನ್ನಡಿಯ ಹಾಗೆ ಹೊಳೆಯುವ ಗಾಜು ಬರುತ್ತದೆ. ಎರಡು, ಗೃಹಪ್ರವೇಶವಾಗಿ ವರ್ಷ ತುಂಬುವುದರೊಳಗೆ ಆ ಮನೆಯ ಯಜಮಾನ ಒಂದು ಹಕ್ಕಿಯ ಮೇಲೆ ದೂರು ಹೇಳಲು ಶುರುಮಾಡುತ್ತಾನೆ. "ಅದುಕ್ಕೆ ತಲೆ ಕೆಟ್ಟದೆ ಕಣಣ್ಣ. ಬೆಳಕು ಹರಿಯೋದೇ ತಡ, ಬಂದು ಕಿಟಕಿಗೆ ಟಕಟಕ ಅಂತ ಕುಟ್ತದೆ. ಓಡ್ಸುದ್ರೆ ಹೋಗ್ತದೆ, ತಿರುಗಿ ಬತ್ತದೆ." ಜಗಲಿಯಲ್ಲಿ ಕೂತ ಅಜ್ಜಿ ಅಷ್ಟಕ್ಕೇ ಬಿಡುವುದಿಲ್ಲ. "ಯಾವುದುಕ್ಕೂ ಒಂದ್ಸಲ ಕೇಳ್ಸ್ರಪ್ಪ" ಎನ್ನುತ್ತಾಳೆ.

ಮಗ ಹುಚ್ಚು ಅಂದ, ತಾಯಿ ಅಪಶಕುನ ಅಂದಳು. ಮೂರನೆಯವರೂ ಇದ್ದಾರೆ, ಅವರು ನಮ್ಮವರೇ. ನನ್ನ ಕಿಟಕಿ ಬಡಿದು ಕರೆಯುತ್ತಿರುವ ಹಕ್ಕಿಯೇ ಎಂದು ಮೊಬೈಲಿನಲ್ಲಿ ಆರು ಸಾಲು ಬರೆದು ಸಂಜೆಯೊಳಗೆ ನೂರು ಲೈಕು ಎಣಿಸುವವರು. ನನಗೆ ಅಜ್ಜಿಯ ಮೇಲೆ ಸಿಟ್ಟಿಲ್ಲ. ಅವಳು ಹಕ್ಕಿಗೆ ಏನೋ ಆಗುತ್ತಿದೆ ಎಂದಾದರೂ ಗಮನಿಸಿದ್ದಾಳೆ. ಕವಿಗೆ ಅದೂ ಕಂಡಿಲ್ಲ.

ಆಗುತ್ತಿರುವುದು ಇಷ್ಟು. ಬೇಸಿಗೆಯಿಂದ ಮುಂಗಾರಿನವರೆಗೆ ನಮ್ಮ ಕಡೆಯ ಮಡಿವಾಳ ಹಕ್ಕಿ, ಪಿಕಳಾರ, ಸೂರಕ್ಕಿ ಮುಂತಾದವು ಗೂಡು ಕಟ್ಟುವ ಕಾಲ. ಗಂಡು ಒಂದಷ್ಟು ಜಾಗವನ್ನು ತನ್ನದೆಂದು ಗುರುತಿಸಿಕೊಂಡು, ಅಲ್ಲಿ ಹಾಡಿ, ಬೇರೆ ಗಂಡು ಬಂದರೆ ಅಟ್ಟುತ್ತದೆ. ಹಕ್ಕಿ ಹಕ್ಕಿಯ ಜಗಳ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಸೋಲುವ ಸೂಚನೆ ಸಿಕ್ಕ ಕೂಡಲೇ ಒಂದು ಹಾರಿಹೋಗುತ್ತದೆ, ಉಳಿದದ್ದು ಗೂಡಿನ ಕೆಲಸಕ್ಕೆ ಮರಳುತ್ತದೆ. ಗಾಜಿನೊಳಗಿನ ಗಂಡು ಮಾತ್ರ ಸೋಲುವುದೂ ಇಲ್ಲ, ಹೋಗುವುದೂ ಇಲ್ಲ. ಇದು ರೆಕ್ಕೆ ಬಿಚ್ಚಿದರೆ ಅದೂ ಬಿಚ್ಚುತ್ತದೆ, ಇದು ಎರಗಿದರೆ ಅದೂ ಅಷ್ಟೇ ರಭಸದಲ್ಲಿ ಎದುರಾಗುತ್ತದೆ. ಹೀಗಾಗಿ ಮುಗಿಯಬೇಕಾದ ಜಗಳ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಡೆಯುತ್ತದೆ. ಹುಳ ಹಿಡಿಯುವ ಹೊತ್ತು, ಗೂಡು ಕಾಯುವ ಹೊತ್ತು ಗಾಜಿನ ಮುಂದೆ ಕಳೆದುಹೋಗುತ್ತದೆ. ಕೊಕ್ಕಿನ ಬುಡ ಕಿತ್ತು ಗಾಜಿನ ಮೇಲೆ ರಕ್ತದ ಕಲೆ ಬೀಳುವುದೂ ಉಂಟು. ನಿಲ್ಲಿಸಿದ ಕಾರಿನ ಪಕ್ಕದ ಕನ್ನಡಿಯ ಮೇಲೆ ಕುಂಡೆಕುಸ್ಕ ಯುದ್ಧ ಹೂಡುವುದೂ ಇದೇ ಕಾರಣಕ್ಕೆ.

ಸಾವಿರ ವರ್ಷದ ಹಿಂದೆ ದುರ್ಗಸಿಂಹ ಕನ್ನಡಕ್ಕೆ ಪಂಚತಂತ್ರ ತಂದ. ಬಾವಿಯ ನೀರಿನಲ್ಲಿ ತನ್ನದೇ ಬಿಂಬ ಕಂಡು, ಬೇರೊಂದು ಸಿಂಹವೆಂದು ಹಾರಿ ಸತ್ತ ಸಿಂಹದ ಪಂಚತಂತ್ರದ ಕತೆ ನಮ್ಮ ಮಕ್ಕಳಿಗೂ ಗೊತ್ತು. ನಾವು ಸಿಂಹದ ಪೆದ್ದುತನಕ್ಕೆ ನಕ್ಕು ಮೊಲದ ಜಾಣತನವನ್ನು ಹೊಗಳುತ್ತೇವೆ. ಆದರೆ ಬಿಂಬದಲ್ಲಿ ತನ್ನನ್ನು ಗುರುತಿಸಿಕೊಳ್ಳುವುದು ಬಹಳ ಪ್ರಾಣಿಗಳಿಗೆ ಬಾರದ ವಿದ್ಯೆ. ಹಕ್ಕಿಗಳಲ್ಲಿ ಯುರೋಪಿನ ಮ್ಯಾಗ್‌ಪೈ ಆ ಪರೀಕ್ಷೆಯಲ್ಲಿ ಗೆದ್ದಿತು ಎಂದು ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದಾಗ ಅದು ದೊಡ್ಡ ಸುದ್ದಿಯಾಗಿತ್ತು. ಮನುಷ್ಯರ ಕೂಸಿಗೂ ಒಂದೂವರೆ, ಎರಡು ವರ್ಷ ತುಂಬುವವರೆಗೆ ಅದು ಬರುವುದಿಲ್ಲ. ಹುಟ್ಟಿನಿಂದಲೇ ಬಾರದ್ದನ್ನು ಹುಚ್ಚು ಎನ್ನಲಾಗದು. ಕತೆಯಲ್ಲಿ ಮೊಲಕ್ಕೆ ಪ್ರಾಣಭಯವಾದರೂ ಇತ್ತು. ಈ ಮಡಿವಾಳ ಹಕ್ಕಿ ನಮಗೇನು ಮಾಡಿದೆ, ಊರೆಲ್ಲ ಬಾವಿ ತೋಡಿ ನಿಲ್ಲಿಸಲು?

ಕುಟ್ಟುವ ಹಕ್ಕಿಯದು ಒಂದು ಕತೆಯಾದರೆ ಡಿಕ್ಕಿ ಹೊಡೆಯುವ ಹಕ್ಕಿಯದು ಇನ್ನೊಂದು. ಎರಡನ್ನೂ ಬೆರೆಸಿದರೆ ಪರಿಹಾರವೂ ತಪ್ಪುತ್ತದೆ. ಎರಡನೆಯದಕ್ಕೆ ನಮ್ಮಲ್ಲಿ ಸಿಂಹದ ಬದಲು ದುರ್ಯೋಧನನಿದ್ದಾನೆ. ಮಯ ಕಟ್ಟಿದ ಸಭೆಯಲ್ಲಿ ಸ್ಫಟಿಕದ ಬಾಗಿಲನ್ನು ಬಯಲೆಂದು ತಿಳಿದು ನಡೆದು ಹಣೆ ಚಚ್ಚಿಕೊಂಡವನು. ಹಾರಿಬರುವ ಹಕ್ಕಿಗೆ ಗಾಜಿನಲ್ಲಿ ಎದುರಿನ ಹೊಂಗೆಮರ ಕಾಣುತ್ತದೆ, ಆಕಾಶ ಕಾಣುತ್ತದೆ. ಅದು ಮರಕ್ಕೇ ಹೋಗುತ್ತಿರುತ್ತದೆ, ಪೂರ್ತಿ ವೇಗದಲ್ಲಿ. ಬಿದ್ದಲ್ಲೇ ಸಾಯುವುದುಂಟು. ಎದ್ದು ಹಾರಿದ್ದು ಮಿದುಳಿನೊಳಗೆ ರಕ್ತ ಸುರಿದು ಬೇಲಿಯ ಮರೆಯಲ್ಲಿ ಸಾಯುವುದೂ ಉಂಟು. ನಾವು "ಹಾರೋಯ್ತು ಬಿಡು" ಎಂದು ಒಳಗೆ ಹೋಗಿರುತ್ತೇವೆ.

ಇದು ಹಳ್ಳಿಯ ಸಣ್ಣ ಸಂಗತಿ ಎಂದುಕೊಳ್ಳುವವರಿಗೆ ಅಮೆರಿಕದ ಲೆಕ್ಕ ಹೇಳಬೇಕು. ಅಲ್ಲಿ ಪ್ರತಿ ವರ್ಷ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ ಎಂದು 2014ರ ಒಂದು ಅಧ್ಯಯನ ಅಂದಾಜು ಮಾಡಿತು. ಹೆಚ್ಚಿನವು ಸತ್ತದ್ದು ಗಗನಚುಂಬಿಗಳ ಕೆಳಗಲ್ಲ, ಸಾಧಾರಣ ಮನೆಗಳ ಮತ್ತು ಸಣ್ಣ ಕಟ್ಟಡಗಳ ಕೆಳಗೆ. 2023ರ ಅಕ್ಟೋಬರ್ 5ರಂದು ಶಿಕಾಗೋದ ಮೆಕಾರ್ಮಿಕ್ ಪ್ಲೇಸ್ ಎಂಬ ಒಂದೇ ಕಟ್ಟಡದ ಬುಡದಲ್ಲಿ ಸಾವಿರಕ್ಕೆ ಹತ್ತಿರ ವಲಸೆ ಹಕ್ಕಿಗಳು ಸತ್ತು ಬಿದ್ದವು. ಮುಂದಿನ ವರ್ಷ ಅದರ ಗಾಜಿಗೆ ಸಣ್ಣ ಚುಕ್ಕಿಗಳ ಹಾಳೆ ಅಂಟಿಸಿದರು. ಸಾವು ಶೇಕಡಾ 95ರಷ್ಟು ಇಳಿಯಿತು. ಹಕ್ಕಿಗಳೇನೂ ಬದಲಾಗಿರಲಿಲ್ಲ.

ನಮ್ಮ ತಾಲ್ಲೂಕುಗಳಿಗೆ ಹಕ್ಕಿಪ್ರಾಣಿಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರದ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಊರವರೇ ಕಾಯುತ್ತಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆಂದು 2007ರಿಂದ ಸಂರಕ್ಷಿತ ಪ್ರದೇಶವೇ ಇದೆ. ಅಭಿಮಾನದಿಂದ ನೆಂಟರನ್ನು ಕರೆದೊಯ್ದು ತೋರಿಸುತ್ತೇವೆ. ಆದರೆ ಪ್ರೀತಿ ಅಲ್ಲಿಗೆ ಪ್ರವಾಸ ಹೋಗಿಬರುತ್ತದೆ, ಮನೆಯ ಕಿಟಕಿಗೆ ಬರುವುದಿಲ್ಲ.

ಹಳೆಯ ಮಾಳಿಗೆಮನೆಗಳ ಕಿಟಕಿ ನೆನಪಿಸಿಕೊಳ್ಳಿ. ಸಣ್ಣದು, ಕಬ್ಬಿಣದ ಸರಳು, ಮರದ ಬಾಗಿಲು, ಗಾಜಿನ ಸುಳಿವಿಲ್ಲ. ತೊಲೆ ಜಂತೆಗಳ ಸಂದಿನಲ್ಲಿ ಗುಬ್ಬಿ ಸಂಸಾರ ಹೂಡಿರುತ್ತಿತ್ತು. ಒಳಗೆ ಬಂದ ಹಕ್ಕಿ ಬಂದ ದಾರಿಯಲ್ಲೇ ಹೋಗುತ್ತಿತ್ತು. ಆ ಕತ್ತಲೆಮನೆಗಳಿಗೆ ವಾಪಸು ಹೋಗಿ ಎಂದು ನಾನು ಹೇಳುತ್ತಿಲ್ಲ, ಬೆಳಕು ಬೇಕು. ಆದರೆ ಈ ಗಾಜು ಬಂದದ್ದು ಬೆಳಕಿಗಲ್ಲವಲ್ಲ! ಬೆಳಕನ್ನು ತಡೆಯಲು ಬಂದ ಗಾಜು ಇದು. ಒಳಗಿರುವವರು ಬೀದಿ ನೋಡಬೇಕು, ಬೀದಿಯವರು ಒಳಗೆ ನೋಡಕೂಡದು, ಮತ್ತು ಮನೆ ಮಧುಗಿರಿ ಪೇಟೆಯ ಶೋರೂಮಿನ ಹಾಗೆ ಮಿರಿಮಿರಿ ಮಿಂಚಬೇಕು. ನಮ್ಮ ಸೀಮೆಯ ಬಿಸಿಲಿಗೆ ಬೇಕಲ್ಲ ಎಂಬ ವಾದ ಕೇಳಿದ್ದೇನೆ. ಬಿಸಿಲನ್ನು ಗಾಜಿಗೆ ಬೀಳುವ ಮೊದಲೇ ಹೊರಗೆ ತಡೆಯುವುದು ಗಾಜಿನಿಂದ ತಡೆಯುವುದಕ್ಕಿಂತ ಮೇಲು. ಸಜ್ಜೆಯಿಂದ ಇಳಿಬಿಟ್ಟ ಒಂದು ಶೇಡ್ ನೆಟ್ ಮನೆಯನ್ನೂ ತಂಪಾಗಿಡುತ್ತದೆ, ಹಕ್ಕಿಯನ್ನೂ ಉಳಿಸುತ್ತದೆ.

ಪರಿಹಾರವೆಂದು ಜನ ಮಾಡುವುದರಲ್ಲಿ ಅರ್ಧ ನಿಷ್ಪ್ರಯೋಜಕ. ಒಳಗಿನಿಂದ ಪರದೆ ಎಳೆದರೆ ಹೊರಗಿನ ಬಿಂಬ ಹಾಗೇ ಉಳಿಯುತ್ತದೆ. ಗಾಜಿನ ನಡುವೆ ಒಂದೇ ಒಂದು ಗಿಡುಗನ ಚಿತ್ರ ಅಂಟಿಸಿದರೆ ಹಕ್ಕಿ ಅದರ ಪಕ್ಕಕ್ಕೆ ಬಡಿಯುತ್ತದೆ. ಕಲ್ಲೆಸೆದು ಓಡಿಸುವುದಂತೂ ಬೇಡವೇ ಬೇಡ. ಏನು ಮಾಡಿದರೂ ಗಾಜಿನ ಹೊರಮೈಗೆ ಮಾಡಬೇಕು. ಕುಟ್ಟುವ ಹಕ್ಕಿಗೆ ಬಿಂಬವನ್ನೇ ಅಳಿಸಬೇಕು: ಸೋಪಿನ ನೊರೆಯನ್ನು ಗಾಜಿಗೆ ಬಳಿದು ಒಣಗಲು ಬಿಡಿ, ಇಲ್ಲವೇ ಹಳೆ ಸೀರೆ ಕಟ್ಟಿ. ಗೂಡಿನ ಕಾಲ ಕಳೆದ ಮೇಲೆ ತೆಗೆದರಾಯಿತು. ಕಾರಿನ ಕನ್ನಡಿಗೆ ಹಳೆಯ ಕಾಲುಚೀಲ ಸಾಕು. ಡಿಕ್ಕಿ ತಪ್ಪಿಸಲು ಸೊಳ್ಳೆಪರದೆಯನ್ನು ಗಾಜಿನ ಒಳಗೆ ಹಾಕಿಸುವ ಬದಲು ಹೊರಗೆ, ನಾಲ್ಕು ಬೆರಳು ಅಂತರ ಬಿಟ್ಟು ಬಿಗಿಯಾಗಿ ಹಾಕಿಸಿ. ಅದಾಗದಿದ್ದರೆ ಚುಕ್ಕಿ ಇಡಿ. ಬಿಳಿ ಪೇಂಟಿನಲ್ಲಿ, ಕಡಲೆಕಾಳಿನಷ್ಟು ದಪ್ಪಗೆ, ಅಡ್ಡಕ್ಕೂ ಉದ್ದಕ್ಕೂ ಎರಡೆರಡು ಇಂಚಿಗೊಂದು, ಗಾಜಿನ ತುಂಬ. ಆ ಸಂದಿಯಲ್ಲಿ ತಾನು ತೂರಲಾರೆ ಎಂದು ಹಕ್ಕಿಗೆ ಗೊತ್ತಾಗುತ್ತದೆ. ಮನೆಯ ಲುಕ್ಕು ಹಾಳಾಗುತ್ತದೆ ಎಂದು ಗಂಡಸರು ಗೊಣಗುತ್ತಾರೆ. ದಿನಾ ಬೆಳಿಗ್ಗೆ ಹೊಸ್ತಿಲ ಮುಂದೆ ಹೆಂಗಸರು ಹದಿನೈದು ಚುಕ್ಕಿ ಹದಿನೈದು ಸಾಲು ಇಟ್ಟಾಗ ಹಾಳಾಗದ ಲುಕ್ಕು ಇಲ್ಲಿ ಹೇಗೆ ಹಾಳಾಗುತ್ತದೋ ನಾನರಿಯೆ.

ಬೇಸಿಗೆಯಲ್ಲಿ ಹಕ್ಕಿಗೆ ನೀರಿಡುವ ಪುಣ್ಯವಂತರಿಗೂ ಒಂದು ಮಾತು. ಬಟ್ಟಲನ್ನು ಹೊಳೆಯುವ ಗಾಜಿನಿಂದ ಎರಡು ಮಾರು ದೂರದಲ್ಲಿಟ್ಟರೆ, ಬೆದರಿ ಹಾರಿದ ಹಕ್ಕಿ ಗಾಜು ಮುಟ್ಟುವ ಹೊತ್ತಿಗೆ ಸಾಯುವಷ್ಟು ವೇಗ ಪಡೆದಿರುತ್ತದೆ. ಇಟ್ಟರೆ ಗಾಜಿಗೆ ತೀರ ಹತ್ತಿರ, ಮೂರಡಿಯೊಳಗೆ ಇಡಿ. ಇಲ್ಲವೇ ದೂರದ ಬೇವಿನ ಬುಡದಲ್ಲಿಡಿ. ಅಕ್ಟೋಬರಿನ ಹೊತ್ತಿಗೆ ಉತ್ತರದಿಂದ ರಾತ್ರಿ ಹಾರಿಬರುವ ನವರಂಗದಂಥ ಹಕ್ಕಿ ದಣಿದು ನಿಮ್ಮ ಕಿಟಕಿಗೆ ಬಡಿದು ಬಿದ್ದರೆ, ಬಾಯಿಗೆ ನೀರು ಹನಿಸಬೇಡಿ, ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಯಬೇಡಿ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿ, ನಾಯಿಬೆಕ್ಕು ಬಾರದ ಕಡೆ ಇಡಿ. ಗಂಟೆಯ ಮೇಲೆ ಹೊರಗೊಯ್ದು ಮುಚ್ಚಳ ತೆಗೆಯಿರಿ. ಆಗ ನಿಂತ ಜಾಗ ಮಾತ್ರ ಆ ಕಿಟಕಿಯ ಎದುರಿನದಾಗಿರದಿರಲಿ.