ಮೋವಾಬಿನ ಸೊಸೆ ಮತ್ತು ಬೈಬಲಿನ ಓದು

ಬೈಬಲನ್ನು ಒಂದು ಪುಸ್ತಕವೆನ್ನುವುದು ರೂಢಿ. ವಾಸ್ತವದಲ್ಲಿ ಅದು ಹಲವು ಶತಮಾನಗಳ ಗ್ರಂಥಭಂಡಾರ. ಪ್ರೊಟೆಸ್ಟಂಟರ ಎಣಿಕೆಯಲ್ಲಿ 66 ಗ್ರಂಥಗಳು, ಕಥೋಲಿಕರ ಎಣಿಕೆಯಲ್ಲಿ 73. ಅದರಿಂದ ಒಂದು ವಾಕ್ಯವನ್ನು ಕಿತ್ತು ‘ಬೈಬಲ್ ಹೀಗೆ ಹೇಳುತ್ತದೆ’ ಎನ್ನುವವರನ್ನು ಕಂಡಾಗಲೆಲ್ಲ ನನಗೆ ರೂತಳ ನೆನಪಾಗುತ್ತದೆ.

ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದ ವಿಧಿ ನಿಷ್ಠುರವಾದುದು: ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ದೇವರ ಸಭೆಗೆ ಸೇರಕೂಡದು. ಕಾರಣವೂ ಅಲ್ಲಿಯೇ ಇದೆ. ಐಗುಪ್ತದಿಂದ ಬರುತ್ತಿದ್ದ ಇಸ್ರಾಯೇಲ್ಯರಿಗೆ ಅವರು ಅನ್ನನೀರು ಕೊಡಲಿಲ್ಲ, ಶಪಿಸಲು ಬಿಳಾಮನನ್ನು ಕರೆಸಿದರು. ಎಜ್ರನ ಕಾಲದಲ್ಲಿ ಅನ್ಯದೇಶದ ಹೆಂಡಿರನ್ನು ಮಕ್ಕಳ ಸಮೇತ ಕಳುಹಿಸಿಬಿಡುವ ನಿಶ್ಚಯವಾಗುತ್ತದೆ. ಆ ಗ್ರಂಥದ ಕೊನೆಯ ಪಟ್ಟಿಯಲ್ಲಿ ಗಂಡಸರ ಹೆಸರುಗಳಿವೆ. ಹೊರಡಬೇಕಾದ ಒಬ್ಬ ಹೆಣ್ಣಿನ ಹೆಸರೂ ಇಲ್ಲ.

ಅದೇ ಸಂಪುಟದಲ್ಲಿ ನಾಲ್ಕೇ ಅಧ್ಯಾಯಗಳ ರೂತಳ ಕಥೆಯಿದೆ. ಬೇತ್ಲೆಹೇಮ್ ಎಂದರೆ ‘ರೊಟ್ಟಿಯ ಮನೆ’. ಅಲ್ಲಿ ಬರ ಬಿದ್ದಾಗ ನೊವೊಮಿಯ ಕುಟುಂಬ ಹೊಟ್ಟೆ ಹೊರೆಯಲು ಹೋದದ್ದು, ಅನ್ನ ಕೊಡಲಿಲ್ಲವೆಂಬ ಅಪವಾದ ಹೊತ್ತ ಅದೇ ಮೋವಾಬಿಗೆ! ವಿಧವೆಯಾದ ಸೊಸೆ ಅತ್ತೆಯ ಬೆನ್ನು ಬಿಡದೆ ಬರುತ್ತಾಳೆ, ಹಕ್ಕಲಾಯ್ದು ಅವಳನ್ನು ಸಾಕುತ್ತಾಳೆ, ಬೋವಜನ ಕೈಹಿಡಿಯುತ್ತಾಳೆ. ಅವಳ ಮರಿಮಗನೇ ದಾವೀದ. ಹತ್ತನೆಯ ತಲೆಮಾರು ಇನ್ನೂ ಬಹುದೂರವಿತ್ತು. ಕಥೆಗಾರನು ‘ಮೋವಾಬ್ಯಳು’ ಎಂದು ಮತ್ತೆ ಮತ್ತೆ ಹೇಳುವುದು ಬಾಯಿತಪ್ಪಿ ಅಲ್ಲ.

ಯೆಹೂದಿ ರಬ್ಬಿಗಳು ಈ ತೊಡಕನ್ನು ವ್ಯಾಕರಣದಿಂದ ಬಿಡಿಸಿದರು: ನಿಷೇಧವಿರುವುದು ಮೋವಾಬ್ಯನಿಗೆ, ಮೋವಾಬ್ಯಳಿಗಲ್ಲ. (ಕನ್ನಡದಲ್ಲಿಯೂ ಈ ಯುಕ್ತಿ ಸೊಗಸಾಗಿ ನಡೆಯುತ್ತದೆ.) ಜಾಣತನವನ್ನು ಮೆಚ್ಚಬೇಕು, ಆದರೆ ಗಂಟು ಬಿಚ್ಚಿದೊಡನೆ ಕಥೆಯ ಮೊನೆಯೂ ಮೊಂಡಾಗುತ್ತದೆ. ಹಳೆಯ ಒಡಂಬಡಿಕೆಯನ್ನು ನಮಗೆ ದೊರೆತ ಅಂತಿಮ ರೂಪದಲ್ಲಿ, ಧರ್ಮಗ್ರಂಥವಾಗಿಯೇ ಓದಬೇಕೆಂದು ಅಮೆರಿಕದ ವಿದ್ವಾಂಸ ಬ್ರೆವರ್ಡ್ ಚೈಲ್ಡ್ಸ್ 1979ರಲ್ಲಿ ವಾದಿಸಿದರು. ನನಗೆ ಅದು ಒಪ್ಪಿಗೆ, ಒಂದು ಷರತ್ತಿನೊಡನೆ: ಇಡಿಯಾಗಿ ಓದುವುದೆಂದರೆ ಭಿನ್ನಸ್ವರಗಳನ್ನು ಇಸ್ತ್ರಿ ಮಾಡುವುದಲ್ಲ.

ಎಜ್ರನ ಬಾಯನ್ನೂ ಮುಚ್ಚಿಸಲಾಗದು. ಸೆರೆಯಿಂದ ಮರಳಿದ ಸಣ್ಣ ಸಮುದಾಯಕ್ಕೆ ತನ್ನತನ ಕರಗುವ ಭಯವಿತ್ತು. ಮಿಶ್ರವಿವಾಹದ ಮಕ್ಕಳಿಗೆ ಯೆಹೂದದ ನುಡಿ ಬಾರದೆಂದು ನೆಹೆಮೀಯನು ಕೆರಳುತ್ತಾನೆ, ಕೆಲವರ ಕೂದಲನ್ನೂ ಕೀಳುತ್ತಾನೆ. ಮನೆಯಲ್ಲಿ ಮಕ್ಕಳ ಕನ್ನಡಕ್ಕಾಗಿ ಕಳವಳಪಡುವ ಹೊರನಾಡಿನ ನಮಗೆ ಆ ಸಿಟ್ಟು ಅಪರಿಚಿತವೇನಲ್ಲ. ಆದರೆ ಆ ಭಯವನ್ನು ದಾಖಲಿಸಿದ ಸಂಪುಟವೇ ರೂತಳನ್ನೂ ಉಳಿಸಿಕೊಂಡಿತು. ಮುಂದೆ ಮತ್ತಾಯನು ಯೇಸುವಿನ ವಂಶಾವಳಿಯನ್ನು ಬರೆಯುವಾಗ, ತಂದೆಯರ ಸಾಲಿನ ನಡುವೆ, ಅಗತ್ಯವೇನೂ ಇಲ್ಲದಿದ್ದರೂ, ಅವಳ ಹೆಸರನ್ನು ಸೇರಿಸಿದನು.