ಕಾದಿದ್ದು ದಂಡ ಅಲ್ಲ

(1/6)

ಒಂದು ಮಾತು ಮೊದಲೇ ನೇರವಾಗಿ ಹೇಳಿಬಿಡ್ತೀನಿ. ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಅಂತ ಗೊತ್ತಾದ ಮೇಲೂ ಡಾಕ್ಟರ್ ಸಲಹೆಯಂತೆ ಎರಡು-ಮೂರು ವರ್ಷ ಬರೀ ಟೆಸ್ಟ್ ಮಾಡಿಸ್ಕೊಂಡಿದ್ದು, ಆಮೇಲೆ ಆಪರೇಷನ್‌ಗೆ ಹೋಗುವವರು ಇರ್ತಾರೆ. ಅವರನ್ನ ನೋಡಿ "ಅಯ್ಯೋ, ಮೊದಲೇ ತೆಗೆಸಿಬಿಟ್ಟಿದ್ರೆ ಆಗ್ತಿತ್ತಲ್ಲ, ಸುಮ್ನೆ ಕಾದು ಕೆಡಿಸ್ಕೊಂಡ್ರು" ಅನ್ನೋದು ತಪ್ಪು. ಬರೀ ತಪ್ಪಲ್ಲ, ಅಪಾಯ ಕೂಡ.

ಬಿಕಾಂ ಓದೋ ನಿನಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ನಮ್ಮ ದೊಡ್ಡಪ್ಪಂದು ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ. ಅವರ ರಿಪೋರ್ಟ್ ಫೈಲ್ ನೋಡ್ಕೊಳ್ಳೋ ಕೆಲಸ ನಂದು, ಯಾಕಂದ್ರೆ ಮನೇಲಿ ಇಂಗ್ಲಿಷು, ಲೆಕ್ಕ ಎರಡೂ ಬರೋದು ನಂಗೇ ಅಂತ ಅವರ ನಂಬಿಕೆ. ಮೂರು ವರ್ಷ ಅವರು ನಿಗಾದಲ್ಲಿದ್ರು. ಈ ಸಲದ ಬಯಾಪ್ಸಿಯಲ್ಲಿ ಗ್ರೇಡ್ ಏರಿದೆ, ಈಗ ಆಪರೇಷನ್ ಒಳ್ಳೇದು ಅಂದ್ರು ಡಾಕ್ಟರ್. ಸುದ್ದಿ ಹೊರಗೆ ಬಿದ್ದಿದ್ದೇ ತಡ, ನೆಂಟರ ಫೋನ್ ಶುರುವಾಯ್ತು. "ನಾವು ಆಗ್ಲೇ ಹೇಳಿದ್ವಿ."

ಆ ಮಾತು ಏನು ಮಾಡ್ತು ಗೊತ್ತಾ? ದೊಡ್ಡಪ್ಪ ಒಂದು ವಾರ ಆಪರೇಷನ್ನೇ ಬೇಡ ಅಂತ ಕೂತುಬಿಟ್ರು. "ಕೈಮೀರಿ ಹೋಗಿದೆಯಂತಲ್ಲ, ಇನ್ಯಾಕೆ ಕೊಯ್ಸ್ಕೊಳ್ಳೋದು" ಅಂತ. ಕೈಮೀರಿದೆ ಅಂತ ಡಾಕ್ಟರ್ ಎಲ್ಲೂ ಹೇಳಿಲ್ಲ. ಹೇಳಿದ್ದು ನೆಂಟರು. ಈಗ ದಿನಾಂಕ ಗೊತ್ತಾಗಿದೆ, ಆ ವಿಷಯ ಬಿಡಿ. ಆದ್ರೆ ಇದೇ ಮಾತು ನಿಮ್ಮ ಮನೇಲೂ ಕೇಳಿಬರಬಹುದು. ಅದಕ್ಕೇ ಈ ಆರು ಪೋಸ್ಟ್. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

(2/6)

ಮೊದಲು ಬೇಸಿಕ್ಸ್. ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರೋ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳದ ಸುತ್ತ, ದೊಡ್ಡ ನೆಲ್ಲಿಕಾಯಿ ಗಾತ್ರದಲ್ಲಿ ಇರುತ್ತೆ. ವಯಸ್ಸಾದ ಹಾಗೆ ಊದಿಕೊಳ್ಳೋದು ಸಾಮಾನ್ಯ, ಅದು ಕ್ಯಾನ್ಸರ್ ಅಲ್ಲ. ಪಿಎಸ್ಎ ಅನ್ನೋ ರಕ್ತಪರೀಕ್ಷೆ ಜಾಸ್ತಿ ಬಂದ ಮಾತ್ರಕ್ಕೂ ಕ್ಯಾನ್ಸರ್ ಅಲ್ಲ. ಸೋಂಕಿದ್ರೂ ಏರುತ್ತೆ, ಗ್ರಂಥಿ ದೊಡ್ಡದಾದ್ರೂ ಏರುತ್ತೆ. ಖಚಿತವಾಗೋದು ಬಯಾಪ್ಸಿಯಿಂದ, ಅಂದ್ರೆ ಸೂಜಿಯಲ್ಲಿ ಚೂರು ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡೋದರಿಂದ.

ಆ ರಿಪೋರ್ಟ್‌ನಲ್ಲಿ ಗ್ಲೀಸನ್ ಸ್ಕೋರ್ ಅಂತ ಒಂದು ಅಂಕಿ ಇರುತ್ತೆ. ಡೊನಾಲ್ಡ್ ಗ್ಲೀಸನ್ ಅನ್ನೋ ಅಮೆರಿಕದ ಪೆಥಾಲಜಿಸ್ಟ್ 1960ರ ದಶಕದಲ್ಲಿ ಮಾಡಿದ ಲೆಕ್ಕ ಅದು. ಇಲ್ಲೇ ಜನ ಎಡವೋದು. "ಹತ್ತಕ್ಕೆ ಆರು ಬಂದಿದೆ, ಅರ್ಧಕ್ಕಿಂತ ಜಾಸ್ತಿ" ಅಂತ ಹೆದರ್ತಾರೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬರೆಯೋ ಅಂಕಿ ಶುರುವಾಗೋದೇ ಸಾಮಾನ್ಯವಾಗಿ 6ರಿಂದ. ಅಂದ್ರೆ 6 ಅನ್ನೋದು ಕೆಳಗಿನ ಮೆಟ್ಟಿಲು, ಗ್ರೇಡ್ ಗ್ರೂಪ್ 1.

7ರಲ್ಲಿ ಎರಡು ಥರ ಇದೆ. 3+4 ಅಂದ್ರೆ ಸೌಮ್ಯ ಜೀವಕೋಶಗಳೇ ಹೆಚ್ಚು. 4+3 ಅಂದ್ರೆ ಒರಟು ಜೀವಕೋಶಗಳೇ ಹೆಚ್ಚು. ಕೂಡಿದ್ರೆ ಎರಡೂ ಏಳೇ, ಆದ್ರೆ ಒಂದು ಗ್ರೂಪ್ 2, ಇನ್ನೊಂದು ಗ್ರೂಪ್ 3. ಹಾಗಾಗಿ ರಿಪೋರ್ಟ್ ಓದುವಾಗ ಮೊತ್ತ ಮಾತ್ರ ನೋಡಬೇಡಿ, ಯಾವುದು ಮೊದಲು ಬರೆದಿದೆ ನೋಡಿ.

ಗ್ಲೀಸನ್ 6 ಇದ್ದವರಿಗೆ ಇವತ್ತು ಬಹಳಷ್ಟು ಸಲ ಹೇಳೋದು ಆಕ್ಟಿವ್ ಸರ್ವೇಲೆನ್ಸ್. ನಾನು ನಿಗಾ ಅಂತೀನಿ. ಕೆಲವು ತಿಂಗಳಿಗೊಮ್ಮೆ ಪಿಎಸ್ಎ, ಆಗಾಗ ಡಾಕ್ಟರ್ ಕೈಯಲ್ಲಿ ಪರೀಕ್ಷೆ, ಎಂಆರ್‌ಐ, ವರ್ಷವೋ ಕೆಲವು ವರ್ಷವೋ ಬಿಟ್ಟು ಮತ್ತೆ ಬಯಾಪ್ಸಿ. ಕ್ಯಾನ್ಸರ್ ಸುಮ್ಮನಿದ್ರೆ ನಾವೂ ಸುಮ್ಮನಿರೋದು. ಅದು ಅಲುಗಾಡಿದ್ರೆ ಗುಣಪಡಿಸೋ ಚಿಕಿತ್ಸೆಗೆ ಹೋಗೋದು. "ವಯಸ್ಸಾಗಿದೆ, ತೊಂದ್ರೆ ಕೊಟ್ಟಾಗ ನೋಡ್ಕೊಳ್ಳೋಣ" ಅನ್ನೋದಕ್ಕೆ ವಾಚ್‌ಫುಲ್ ವೇಟಿಂಗ್ ಅಂತಾರೆ. ಅದು ಬೇರೆ, ಇದು ಬೇರೆ. ಇದರ ಉದ್ದೇಶ ಗುಣಪಡಿಸೋದೇ, ಬೇಕಾದಾಗ ಮಾತ್ರ.

(3/6)

ಈಗ ಅಂಕಿಅಂಶ. ಕಾಮರ್ಸ್ ಸ್ಟೂಡೆಂಟ್ ಅಂದ್ಮೇಲೆ ಇದು ಇಲ್ದೆ ಆಗಲ್ಲ.

ಬ್ರಿಟನ್‌ನಲ್ಲಿ ಪ್ರೊಟೆಕ್ಟ್ ಅಂತ ಒಂದು ದೊಡ್ಡ ಅಧ್ಯಯನ ನಡೀತು. 50ರಿಂದ 69 ವಯಸ್ಸಿನ, ಕ್ಯಾನ್ಸರ್ ಇನ್ನೂ ಗ್ರಂಥಿಯೊಳಗೇ ಇದ್ದ 1,643 ಗಂಡಸರನ್ನ ಮೂರು ಗುಂಪು ಮಾಡಿದ್ರು: ನಿಗಾ, ಆಪರೇಷನ್, ರೇಡಿಯೇಷನ್. 2023ರಲ್ಲಿ 15 ವರ್ಷದ ಫಲಿತಾಂಶ ಬಂತು. ಪ್ರಾಸ್ಟೇಟ್ ಕ್ಯಾನ್ಸರ್‌ನಿಂದಲೇ ತೀರಿಕೊಂಡವರು ನಿಗಾ ಗುಂಪಿನಲ್ಲಿ ಶೇ. 3.1, ಆಪರೇಷನ್ ಗುಂಪಿನಲ್ಲಿ ಶೇ. 2.2, ರೇಡಿಯೇಷನ್ ಗುಂಪಿನಲ್ಲಿ ಶೇ. 2.9. ಲೆಕ್ಕದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ ಅನ್ನುವಷ್ಟು ಕಡಿಮೆ.

ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಅಂಕಿ. ನಿಗಾ ಗುಂಪಿನವರಲ್ಲಿ ಸುಮಾರು ಶೇ. 61 ಜನ ಆ 15 ವರ್ಷದೊಳಗೆ ಆಪರೇಷನ್ನೋ ರೇಡಿಯೇಷನ್ನೋ ಮಾಡಿಸ್ಕೊಂಡ್ರು. ಅಂದ್ರೆ ನಿಗಾದಿಂದ ಚಿಕಿತ್ಸೆಗೆ ದಾಟೋದು ಅಪರೂಪದ ಅಪಘಾತ ಅಲ್ಲ. ಆ ದಾರಿಯಲ್ಲೇ ಇರೋ ಒಂದು ಸ್ಟಾಪ್ ಅದು. ಹಾಗೇ ಸುಮಾರು ನಾಲ್ಕರಲ್ಲಿ ಒಬ್ಬರು 15 ವರ್ಷ ಆದ್ರೂ ಯಾವ ಚಿಕಿತ್ಸೆಯೂ ಇಲ್ಲದೆ ಬದುಕಿದ್ರು. ಯಾರು ಯಾವ ಕಡೆ ಹೋಗ್ತಾರೆ ಅಂತ ಮೊದಲ ದಿನವೇ ಹೇಳೋಕಾಗಲ್ಲ. ಅದಕ್ಕೇ ನಿಗಾ ಇರೋದು.

ಕೆನಡಾದ ಟೊರೊಂಟೊದಲ್ಲಿ ಡಾ. ಲಾರೆನ್ಸ್ ಕ್ಲಾಟ್ಜ್ ಅವರ ತಂಡ 1995ರಲ್ಲೇ ಇದನ್ನ ಶುರು ಮಾಡ್ತು. 2015ರಲ್ಲಿ ಅವರು 993 ಜನರ ಲೆಕ್ಕ ಕೊಟ್ರು. ಅವರಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 15 ಜನ.

ಎದುರು ಪಕ್ಷದ ಅಂಕಿಯನ್ನೂ ಮುಚ್ಚಿಡಲ್ಲ. ಪ್ರೊಟೆಕ್ಟ್‌ನಲ್ಲಿ ಕ್ಯಾನ್ಸರ್ ಬೇರೆ ಕಡೆ ಹರಡಿದ್ದು ನಿಗಾ ಗುಂಪಿನಲ್ಲಿ ಶೇ. 9.4, ಆಪರೇಷನ್ ಗುಂಪಿನಲ್ಲಿ ಶೇ. 4.7. ಎರಡು ಪಟ್ಟು. ಇದನ್ನ ಹಗುರವಾಗಿ ತಗೋಬಾರದು. ಆದ್ರೆ ಆ ನಿಗಾ ಮುಖ್ಯವಾಗಿ ಪಿಎಸ್ಎ ಮೇಲೆ ನಿಂತಿತ್ತು. ಈಗಿನ ಹಾಗೆ ಎಂಆರ್‌ಐ, ನಿಯಮಿತವಾಗಿ ಮತ್ತೆ ಮತ್ತೆ ಬಯಾಪ್ಸಿ ಅದರಲ್ಲಿ ಇರಲಿಲ್ಲ. ನಾನು ಇದರಿಂದ ಕಲಿಯೋದು "ನಿಗಾ ಬೇಡ" ಅಂತಲ್ಲ. "ನಿಗಾ ಅಂದ್ರೆ ನಿಜವಾಗ್ಲೂ ನಿಗಾ ಇರಬೇಕು" ಅಂತ.

(4/6)

ಹಾಗಾದ್ರೆ ಯಾವಾಗ ದಾಟಬೇಕು?

ದೊಡ್ಡ ಕಾರಣ ಒಂದೇ: ಬಯಾಪ್ಸಿಯಲ್ಲಿ ಗ್ರೇಡ್ ಏರೋದು. ಎಂಆರ್‌ಐನಲ್ಲಿ ಗಡ್ಡೆ ದೊಡ್ಡದಾಗಿದ್ರೆ, ಗ್ರಂಥಿಯ ಅಂಚಿಗೆ ಬಂದಿದ್ರೆ ಅದೂ ಕಾರಣ. ಪಿಎಸ್ಎ ಒಂದು ಸಲ ಏರಿದೆ ಅಂತ ಮಾತ್ರಕ್ಕೆ ನೇರ ಆಪರೇಷನ್ ಥಿಯೇಟರ್‌ಗೆ ಓಡೋದಲ್ಲ. ಅದು ಮುಂದಿನ ಟೆಸ್ಟ್ ಮಾಡಿಸಿ ಅಂತ ಹೇಳೋ ಗಂಟೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೂತ್ರದ ತೊಂದ್ರೆಗೆ ಕೊಡೋ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳು ಪಿಎಸ್ಎ ಅಂಕಿಯನ್ನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸ್ತವೆ. ಕೂದಲು ಉದುರೋದಕ್ಕೆ ಕೊಡೋದೂ ಅದೇ ಫಿನಾಸ್ಟರೈಡ್. ಹಾಗಾಗಿ ಡಾಕ್ಟರ್ ಹತ್ರ ಎಲ್ಲ ಮಾತ್ರೆಗಳ ಹೆಸರೂ ಹೇಳಿ.

ನನ್ನ ಅಭಿಪ್ರಾಯಕ್ಕೆ ಅತಿ ಕಷ್ಟದ ಪ್ರಶ್ನೆ ಕೇಳೋ ಉದಾಹರಣೆಯನ್ನೂ ಕೊಡ್ತೀನಿ. ಹ್ಯೂಮನ್ ಜೀನೋಮ್ ಪ್ರಾಜೆಕ್ಟ್ ಮುನ್ನಡೆಸಿದ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ 12 ವರ್ಷ ನಿರ್ದೇಶಕರಾಗಿದ್ದ ಫ್ರಾನ್ಸಿಸ್ ಕಾಲಿನ್ಸ್. ಸುಮಾರು ಐದು ವರ್ಷ ಅವರ ಪ್ರಾಸ್ಟೇಟ್ ಮೇಲೆ ಡಾಕ್ಟರ್‌ಗಳು ಕಣ್ಣಿಟ್ಟಿದ್ರು. 2024ರಲ್ಲಿ ಪಿಎಸ್ಎ ಒಮ್ಮೆಲೇ 22ಕ್ಕೆ ಏರಿತು, ಬಯಾಪ್ಸಿಯಲ್ಲಿ ಗ್ಲೀಸನ್ 9. ಆ ಏಪ್ರಿಲ್‌ನಲ್ಲಿ ಅವರೇ ಪತ್ರಿಕೆಗೆ ಬರೆದು, ಪ್ರಾಸ್ಟೇಟ್ ತೆಗೆಸ್ತಿದ್ದೀನಿ ಅಂತ ಎಲ್ಲರಿಗೂ ತಿಳಿಸಿದ್ರು.

"ನೋಡಿ, ಅಷ್ಟು ದೊಡ್ಡ ವಿಜ್ಞಾನಿಗೇ ಹೀಗಾಯ್ತು" ಅಂತ ನೀವು ಹೇಳಬಹುದು. ನಿಗಾ ಇದ್ರೂ ಕ್ಯಾನ್ಸರ್ ಜೋರಾಗಿ ತಿರುಗಿಬೀಳಬಹುದು, ಅದು ನಿಜ. ಆದ್ರೆ ಅದು ಗೊತ್ತಾಗಿದ್ದು ಹೇಗೆ? ಟೆಸ್ಟ್ ತಪ್ಪಿಸದೆ ಇದ್ದಿದ್ದಕ್ಕೆ. ನಿಗಾದಲ್ಲಿ ಇಲ್ಲದಿದ್ರೆ ಆ 22 ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಜೊತೆಗೆ, ಗುಟ್ಟು ಮಾಡದೆ ಅವರು ಬರೆದ್ರಲ್ಲ, ಅದನ್ನೂ ಗಮನಿಸಿ. ನಮ್ಮಲ್ಲಿ ಅರ್ಧ ಗಂಡಸರು ಇದನ್ನ ಹೆಂಡತಿಗೇ ಹೇಳಲ್ಲ.

ಅಕೌಂಟ್ಸ್‌ನಲ್ಲಿ ನಮಗೆ ಮೊದಲ ವರ್ಷವೇ ಹೇಳ್ಕೊಡ್ತಾರೆ, ಬ್ಯಾಲೆನ್ಸ್ ಶೀಟ್ ಆ ದಿನಾಂಕಕ್ಕೆ ಮಾತ್ರ. ಬಯಾಪ್ಸಿ ರಿಪೋರ್ಟೂ ಹಾಗೇ. ಮೂರು ವರ್ಷದ ಹಿಂದಿನ ರಿಪೋರ್ಟ್ ನೋಡಿ ಆವತ್ತು ಕಾದಿದ್ದು ಸರಿ. ಇವತ್ತಿನ ರಿಪೋರ್ಟ್ ನೋಡಿ ಇವತ್ತು ಆಪರೇಷನ್ ಸರಿ. ಎರಡೂ ಒಟ್ಟಿಗೆ ಸರಿ ಇರಬಹುದು.

(5/6)

"ಇರ್ಲಿ, ಮೊದಲೇ ತೆಗೆಸಿದ್ರೆ ಏನು ನಷ್ಟ ಇತ್ತು?" ನಷ್ಟ ಇತ್ತು. ಯಾರೂ ಬಾಯಿಬಿಟ್ಟು ಹೇಳದ ನಷ್ಟ.

ಆಪರೇಷನ್‌ನಲ್ಲಿ ಇಡೀ ಪ್ರಾಸ್ಟೇಟ್ ತೆಗೀತಾರೆ. ಮೂತ್ರ ಹಿಡಿದಿಟ್ಟುಕೊಳ್ಳೋ ಸ್ನಾಯು, ಲೈಂಗಿಕ ಶಕ್ತಿಯ ನರಗಳು ಎಲ್ಲ ಅದಕ್ಕೆ ಅಂಟಿಕೊಂಡೇ ಇವೆ. 1982ರಲ್ಲಿ ಪ್ಯಾಟ್ರಿಕ್ ವಾಲ್ಶ್ ಆ ನರ ಉಳಿಸೋ ವಿಧಾನ ಶುರು ಮಾಡಿದ್ರು, ಈಗ ರೋಬೋಟ್ ಸಹಾಯವೂ ಇದೆ. ಆದ್ರೂ ಪ್ರೊಟೆಕ್ಟ್ ಅಧ್ಯಯನದಲ್ಲಿ ಆಪರೇಷನ್ ಆಗಿ ಆರು ತಿಂಗಳಿಗೆ ಶೇ. 46 ಜನ ಮೂತ್ರ ಸೋರಿಕೆಗೆ ಪ್ಯಾಡ್ ಹಾಕ್ತಿದ್ರು. ನಿಗಾ ಗುಂಪಿನಲ್ಲಿ ಶೇ. 4. ಆರು ವರ್ಷಕ್ಕೆ ಆಪರೇಷನ್ ಗುಂಪಿನಲ್ಲಿ ಶೇ. 17, ನಿಗಾ ಗುಂಪಿನಲ್ಲಿ ಶೇ. 8. ದಾಂಪತ್ಯದ ವಿಷಯದಲ್ಲೂ ಆಪರೇಷನ್ ಆದವರಿಗೇ ಹೆಚ್ಚು ಪೆಟ್ಟು.

ದೊಡ್ಡಪ್ಪ ಆ ಮೂರು ವರ್ಷದಲ್ಲಿ ಮಗಳ ಮದುವೆ ಮಾಡಿದ್ರು. ಮಂಡಿಗೆ ಬೆಳಿಗ್ಗೆ ಹೋಗಿ ಸಂಜೆವರೆಗೂ ನಿಂತು ವ್ಯಾಪಾರ ಮಾಡಿದ್ರು. ಪ್ಯಾಡ್ ಇಲ್ಲ, ಟಾಯ್ಲೆಟ್ ಎಲ್ಲಿದೆ ಅಂತ ಹುಡುಕೋದಿಲ್ಲ. ಆ ಮೂರು ವರ್ಷವನ್ನ ದಂಡ ಅನ್ನೋಕೆ ನಂಗೆ ಬಾಯಿ ಬರಲ್ಲ. ಅದು ಲಾಭದ ಕಾಲಂನಲ್ಲಿ ಬರೀಬೇಕಾದ್ದು.

ದುಡ್ಡಿನ ವಿಷಯ. ನಮ್ಮ ಸಾಮಾನ್ಯ ಹೆಲ್ತ್ ಪಾಲಿಸಿಗಳು ಅಡ್ಮಿಟ್ ಆದ್ರೆ ದುಡ್ಡು ಕೊಡ್ತವೆ. ಹೊರರೋಗಿಯಾಗಿ ಮಾಡಿಸೋ ಪಿಎಸ್ಎ, ಎಂಆರ್‌ಐಗೆ ಬಹುತೇಕ ನಮ್ಮ ಜೇಬೇ. ಅಂದ್ರೆ ಕೊಯ್ಯೋದಕ್ಕೆ ವಿಮೆ ಇದೆ, ಕಣ್ಣಿಡೋದಕ್ಕೆ ಇಲ್ಲ! ಇದು ಸರಿಯಲ್ಲ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಎಷ್ಟೋ ಜನ ಆರು ತಿಂಗಳ ಟೆಸ್ಟನ್ನ "ಮುಂದಿನ ಸಲ ನೋಡೋಣ" ಅಂತ ಬಿಡೋದಕ್ಕೆ ಇದೂ ಒಂದು ಕಾರಣ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆಪರೇಷನ್ ಅಂತ ಆದ್ರೆ ಮೊದಲು ಆ ಕೌಂಟರ್‌ನಲ್ಲಿ ವಿಚಾರಿಸಿ, ಆಮೇಲೆ ಸಾಲದ ಮಾತು.

(6/6)

ನಿಮ್ಮ ಮನೇಲಿ ಯಾರಾದ್ರೂ ಈ ಹಂತದಲ್ಲಿದ್ರೆ, ನಾನು ಹೇಳೋದು ಇಷ್ಟು.

ಒಂದು, ಗಡಿಬಿಡಿ ಬೇಡ. ಗ್ರೇಡ್ ಏರಿದೆ ಅಂದ ಮರುದಿನವೇ ಆಪರೇಷನ್ ಆಗಬೇಕು ಅಂತಿಲ್ಲ. ಬಯಾಪ್ಸಿ ಗಾಯ ಮಾಯಲಿ ಅಂತ ಸಾಮಾನ್ಯವಾಗಿ ಕೆಲವು ವಾರ ಡಾಕ್ಟರೇ ಬಿಡ್ತಾರೆ. ಆ ಸಮಯದಲ್ಲಿ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ, ಬಯಾಪ್ಸಿ ಸ್ಲೈಡ್ ಇನ್ನೊಂದು ಕಡೆ ತೋರಿಸಿ. ಹಾಗಂತ ಕೆಲವು ವಾರ ಹೋಗಿ ಒಂದು ವರ್ಷ ಆಗಬಾರದು.

ಎರಡು, ರೇಡಿಯೇಷನ್ ಡಾಕ್ಟರ್ ಹತ್ರಾನೂ ಒಂದು ಸಲ ಮಾತಾಡಿ. ನಿಗಾ ಬಿಟ್ಟ ಮೇಲೆ ಇರೋ ದಾರಿ ಆಪರೇಷನ್ ಒಂದೇ ಅಲ್ಲ. ವಯಸ್ಸು, ಬೇರೆ ಕಾಯಿಲೆ, ಮೂತ್ರದ ತೊಂದ್ರೆ ಎಲ್ಲ ನೋಡಿ ಯಾವುದು ಅನ್ನೋದು ತೀರ್ಮಾನ ಆಗಬೇಕು.

ಮೂರು, ಸರ್ಜನ್ ಹತ್ರ ನಾಚಿಕೆ ಬಿಟ್ಟು ಕೇಳಿ. ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ? ನರ ಉಳಿಸೋಕಾಗತ್ತಾ? ಕ್ಯಾಥೆಟರ್ ಎಷ್ಟು ದಿನ? ಸೋರಿಕೆ ಕಡಿಮೆ ಮಾಡೋ ಸ್ನಾಯುಗಳ ವ್ಯಾಯಾಮವನ್ನ ಆಪರೇಷನ್‌ಗೆ ಮುಂಚೆಯೇ ಕಲೀಬಹುದು, ಅದನ್ನೂ ಕೇಳಿ.

ನಾಲ್ಕು, ಆಪರೇಷನ್ ಆದ ಮೇಲೂ ಪಿಎಸ್ಎ ಟೆಸ್ಟ್ ಇರುತ್ತೆ. ಗ್ರಂಥಿಯೇ ಇಲ್ಲದ ಮೇಲೆ ಅದು ಲೆಕ್ಕಕ್ಕೇ ಸಿಗದಷ್ಟು ಇಳಿಯಬೇಕು. ಮುಂದೆ ಯಾವತ್ತಾದ್ರೂ ಮತ್ತೆ ಏರಿದ್ರೆ ರೇಡಿಯೇಷನ್ ದಾರಿ ಇನ್ನೂ ಇರುತ್ತೆ. "ಆಯ್ತಲ್ಲ" ಅಂತ ಫೈಲ್ ಅಟ್ಟಕ್ಕೆ ಹಾಕಬೇಡಿ.

ಐದು, ಇದು ನಮ್ಮಂಥ ಹುಡುಗ ಹುಡುಗೀರಿಗೆ. ಅಪ್ಪ, ದೊಡ್ಡಪ್ಪ, ಮಾವ ಯಾರೇ ಇರಲಿ, "ಮೂತ್ರದ್ದೇನೋ ಸ್ವಲ್ಪ ತೊಂದ್ರೆ" ಅಂತ ಮಾತು ಹಾರಿಸ್ತಾರೆ. ಬಿಡಬೇಡಿ. ಮುಂದಿನ ಟೆಸ್ಟ್ ಯಾವತ್ತು ಅಂತ ನಿಮ್ಮ ಫೋನ್‌ನಲ್ಲಿ ರಿಮೈಂಡರ್ ಹಾಕಿ. ನಿಗಾ ಸೋಲೋದು ಕಾದಿದ್ದಕ್ಕಲ್ಲ, ಮರೆತಿದ್ದಕ್ಕೆ.

ನೆಂಟರಿಗೆ ಒಂದೇ ವಿನಂತಿ. ಆಪರೇಷನ್‌ಗೆ ಮುಂಚೆ ನೋಡೋಕೆ ಬನ್ನಿ, ಎಳನೀರು ತನ್ನಿ, ಮಂಡಿ ರೇಟ್ ಬಗ್ಗೆ ಮಾತಾಡಿ. "ಮೊದಲೇ ಮಾಡಿಸಬೇಕಿತ್ತು" ಅನ್ನೋ ವಾಕ್ಯ ಮಾತ್ರ ಹೊರಗಡೆ ಚಪ್ಪಲಿ ಜೊತೆ ಬಿಟ್ಟು ಬನ್ನಿ. ಹಿಂದಿನ ಮೂರು ವರ್ಷ ಯಾರ ಕೈಯಲ್ಲೂ ಇಲ್ಲ. ಮುಂದಿನ ಹದಿನೈದು ವರ್ಷ ಇದೆ.

ಸೇವ್ ಮಾಡಿಟ್ಕೊಳ್ಳಿ. ಐವತ್ತು ದಾಟಿದ ಒಬ್ಬರಿಗಾದ್ರೂ ಕಳ್ಸಿ. ಅವರು ಓದದಿದ್ರೆ ಪಕ್ಕ ಕೂತು ಓದಿ ಹೇಳಿ.

#ಪ್ರಾಸ್ಟೇಟ್ #ನಿಗಾ #ಮನೇಲಿಮಾತಾಡಿ #ಕನ್ನಡ