ಸರ್ವೆಯಲ್ಲಿ ಇಲ್ಲದ ಪ್ರಶ್ನೆ: ಡಿ ಅಂಡ್ ಡಿಯ ‘ಕ್ಲಾಸ್’ಗಳು ಯಾರ ಕೈಯಲ್ಲಿವೆ?

2023ರ ಏಪ್ರಿಲ್‌ನಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಡಿಸೈನರ್‌ಗಳು ವಾರ್ಲಾಕ್‌ಗೆ ಕೈ ಹಾಕಿದರು. ವಾರ್ಲಾಕ್ ಅಂದ್ರೆ ಯಾವುದೋ ಪಿಶಾಚಿಯ ಜೊತೆಗೋ ಅಜ್ಞಾತ ಶಕ್ತಿಯ ಜೊತೆಗೋ ಕರಾರು ಮಾಡಿಕೊಂಡು ಮಂತ್ರವಿದ್ಯೆ ಸಂಪಾದಿಸಿದ ಪಾತ್ರ. ಉಳಿದ ಮಂತ್ರವಾದಿಗಳಿಗೆ ಹೋಲಿಸಿದರೆ ಇವರಿಗೆ ಮಂತ್ರ ಹಾಕುವ ಅವಕಾಶ ಕಡಿಮೆ. ಆದರೆ ಒಂದು ಗಂಟೆ ಕೂತು ಸುಧಾರಿಸಿಕೊಂಡರೆ ಸಾಕು, ಖರ್ಚಾದದ್ದೆಲ್ಲ ವಾಪಸ್ ಬರುತ್ತೆ. ಡಿಸೈನರ್‌ಗಳು ಈ ವ್ಯವಸ್ಥೆಯನ್ನೇ ಕಿತ್ತುಹಾಕಿ, ವಾರ್ಲಾಕ್‌ನನ್ನೂ ಉಳಿದವರ ಸಾಲಿನಲ್ಲಿ ನಿಲ್ಲಿಸುವ ಕರಡನ್ನು ಜನರ ಮುಂದಿಟ್ಟರು. ಆಟಗಾರರು ಅದನ್ನು ಒಪ್ಪಲಿಲ್ಲ. ಸೆಪ್ಟೆಂಬರ್‌ನಲ್ಲಿ ಬಂದ ಮುಂದಿನ ಕರಡಿನಲ್ಲಿ ಹಳೆಯ ಪದ್ಧತಿ ಮರಳಿತ್ತು.

ಓಹ್, ಜನರ ಮಾತಿಗೆ ಬೆಲೆ ಇದೆ ಅಂತ ಖುಷಿಪಡಬೇಕಾದ ಕತೆ ಇದು. ಅರ್ಧ ನಿಜವೂ ಹೌದು. ಉಳಿದರ್ಧಕ್ಕೆ ಬರುವ ಮೊದಲು, ಆಟ ಗೊತ್ತಿಲ್ಲದವರಿಗೆ ಎರಡು ಮಾತು.

ಡಿ ಅಂಡ್ ಡಿ ಕಂಪ್ಯೂಟರ್ ಆಟ ಅಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಬಾಯಲ್ಲೇ ಕತೆ ಕಟ್ಟುತ್ತಾ ಆಡುವ ಆಟ. ಬೆಂಗಳೂರಿನ ಬೋರ್ಡ್‌ಗೇಮ್ ಕೆಫೆಗಳಿಗೆ ಹೋದವರು ನೋಡಿರ್ತೀರಿ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ. ಆ ಪಾತ್ರ ಏನು ಮಾಡಬಲ್ಲದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ‘ಕ್ಲಾಸ್’. ಕ್ಲಾಸ್ ಅಂದ ಕೂಡಲೇ ಮಾರ್ಕ್ಸ್ ನೆನಪಾದವರು ಸ್ವಲ್ಪ ತಾಳಿ, ಆ ಕ್ಲಾಸ್ ಕೂಡ ಈ ಕತೆಯಲ್ಲಿ ಬರುತ್ತೆ. ಇಲ್ಲಿ ಕ್ಲಾಸ್ ಅಂದ್ರೆ ಕಸುಬು ಅಂದುಕೊಳ್ಳಿ: ಫೈಟರ್, ವಿಝರ್ಡ್, ರೋಗ್, ಮಂಕ್, ಹೀಗೆ. ಒಬ್ಬ ಆಟಗಾರ್ತಿ ಎರಡು ವರ್ಷ, ಮೂರು ವರ್ಷ ಒಂದೇ ಪಾತ್ರವನ್ನು ಆಡಿರ್ತಾಳೆ. ಆ ಪಾತ್ರದ ಕ್ಲಾಸನ್ನು ಬೇರೆ ಯಾರೋ ಬದಲಿಸಿದರೆ ಸಿಟ್ಟು ಬರದೇ ಇರುತ್ತಾ?

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಈ ಆಟವನ್ನು ಪ್ರಕಟಿಸಿದಾಗ ಇದ್ದದ್ದು ಮೂರೇ ಕ್ಲಾಸ್: ಹೊಡೆದಾಡುವವ, ಮಂತ್ರವಾದಿ, ಧರ್ಮಯೋಧನಂಥ ಕ್ಲೆರಿಕ್. ಮುಂದೆ ಬಂದ ಹಲವು ಕ್ಲಾಸ್‌ಗಳ ಹುಟ್ಟು ನೋಡಿದರೆ ಮಜಾ ಇದೆ. 1975ರಲ್ಲಿ ರೇಂಜರ್ ಬಂದದ್ದು ‘ದ ಸ್ಟ್ರಾಟೆಜಿಕ್ ರಿವ್ಯೂ’ ಎಂಬ ಪುಟ್ಟ ಪತ್ರಿಕೆಯಲ್ಲಿ, ಜೋ ಫಿಶರ್ ಬರೆದು ಕಳಿಸಿದ್ದು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಪೀಟರ್ ಆರನ್ಸನ್ ಅವರ ಇಲ್ಯೂಷನಿಸ್ಟ್. ಮರುವರ್ಷ ಡಗ್ ಶ್ವೆಗ್‌ಮನ್ ಅವರ ಬಾರ್ಡ್. ಇವರು ತಮ್ಮ ತಮ್ಮ ಮೇಜಿನಲ್ಲಿ ಬೇಕಾದದ್ದನ್ನು ಬರೆದರು, ಪತ್ರಿಕೆ ಅಚ್ಚು ಹಾಕಿತು, ಆಮೇಲೆ ಅವು ಆಟದ ಅಧಿಕೃತ ಪುಸ್ತಕಗಳಿಗೇ ಸೇರಿಕೊಂಡವು. ಡಿಸೈನರ್ ಯಾರು, ಅಭಿಮಾನಿ ಯಾರು ಎಂಬ ಗೆರೆ ಇನ್ನೂ ಗಟ್ಟಿಯಾಗಿರಲಿಲ್ಲ. ಹಾಗಂತ ಅದೇನು ಸ್ವರ್ಗವಾಗಿರಲಿಲ್ಲ. ಹಕ್ಕು, ರಾಯಲ್ಟಿ ವಿಷಯಕ್ಕೆ ಆರ್ನಸನ್ ಅವರೇ ಕಂಪನಿಯ ಮೇಲೆ ಕೋರ್ಟಿಗೆ ಹೋಗಬೇಕಾಯಿತು.

ಆಟ ಕೈ ಬದಲಾಯಿಸಿತು. 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಅದನ್ನು ಕೊಂಡಿತು, 1999ರಲ್ಲಿ ಆ ಕಂಪನಿಯನ್ನೇ ಆಟಿಕೆ ದೈತ್ಯ ಹ್ಯಾಸ್ಬ್ರೊ ಕೊಂಡಿತು. 2008ರ ನಾಲ್ಕನೇ ಆವೃತ್ತಿ ಹಳೆಯ ಆಟಗಾರರಲ್ಲಿ ಬಹಳ ಮಂದಿಗೆ ಹಿಡಿಸಲಿಲ್ಲ. ಪೈಝೋ ಎಂಬ ಚಿಕ್ಕ ಕಂಪನಿ ಇದನ್ನು ಸರಿಯಾಗಿ ಬಳಸಿಕೊಂಡಿತು. ಹಿಂದಿನ ಆವೃತ್ತಿಯ ನಿಯಮಗಳನ್ನೇ ತಿದ್ದಿ ‘ಪಾತ್‌ಫೈಂಡರ್’ ಎಂಬ ಆಟದ ಕರಡನ್ನು ಜನರ ಮುಂದಿಟ್ಟು, ನೀವೇ ಆಡಿ ಹೇಳಿ ಎಂದಿತು. ವಿಝರ್ಡ್ಸ್ ಪಾಠ ಕಲಿತದ್ದು ಇಲ್ಲಿಂದಲೇ ಇರಬೇಕು. 2012ರಿಂದ ಐದನೇ ಆವೃತ್ತಿಗೆ ಅದೂ ಸಾರ್ವಜನಿಕ ಪರೀಕ್ಷೆ ನಡೆಸಿತು. 2014ರ ಪುಸ್ತಕದಲ್ಲಿ 1,75,000ಕ್ಕೂ ಹೆಚ್ಚು ಅಭಿಮಾನಿಗಳಿಗೆ ಧನ್ಯವಾದ ಅಚ್ಚಾಗಿದೆ.

ಅಲ್ಲಿಂದ ಇದೊಂದು ಪದ್ಧತಿ ಆಯಿತು. ‘ಅನ್‌ಅರ್ತ್ಡ್ ಆರ್ಕೇನಾ’ ಎಂಬ ಹೆಸರಿನಲ್ಲಿ ಕರಡು ಕ್ಲಾಸ್ ಪಿಡಿಎಫ್ ಆಗಿ ಪುಕ್ಕಟೆ ಬರುತ್ತೆ. ಜನ ಆಡುತ್ತಾರೆ. ಕೆಲವು ವಾರ ಬಿಟ್ಟು ಆನ್‌ಲೈನ್ ಸರ್ವೆ. ಒಂದೊಂದು ಸಾಮರ್ಥ್ಯಕ್ಕೂ ತುಂಬಾ ತೃಪ್ತಿ, ತೃಪ್ತಿ, ಅತೃಪ್ತಿ ಎಂಬ ಗುಂಡಿಗಳು, ಕೆಳಗೆ ಬರೆಯಲು ಒಂದು ಡಬ್ಬಿ. ಮುಖ್ಯ ಡಿಸೈನರ್ ಜೆರೆಮಿ ಕ್ರಾಫರ್ಡ್ ವಿಡಿಯೊಗಳಲ್ಲಿ ಲೆಕ್ಕವನ್ನೂ ಬಿಚ್ಚಿ ಹೇಳುತ್ತಿದ್ದರು: ತೃಪ್ತಿ 70 ಪರ್ಸೆಂಟ್ ದಾಟಿದರೆ ಮುಂದುವರಿಸಬಹುದು, 80 ದಾಟಿದರೆ ಭರ್ಜರಿ, 70ಕ್ಕಿಂತ ಕೆಳಗೆ ಬಿದ್ದರೆ ತಿದ್ದಬೇಕು ಇಲ್ಲವೇ ಕೈಬಿಡಬೇಕು. ನಮ್ಮಲ್ಲಿ ಕರಡು ಅಧಿಸೂಚನೆ ಹೊರಡಿಸಿ ‘ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸಬಹುದು’ ಅಂತ ಬರೆದು, ಬಂದ ಪತ್ರಗಳು ಎಲ್ಲಿ ಹೋದವು ಅಂತಲೇ ಗೊತ್ತಾಗದ ವ್ಯವಸ್ಥೆಗೆ ಹೋಲಿಸಿದರೆ ಇದು ಎಷ್ಟೋ ವಾಸಿ.

ಕೆಲಸವನ್ನೂ ಮಾಡಿದೆ. ಮಂಕ್ ನೋಡಿ. ವರ್ಷಗಟ್ಟಲೆ ಬಡಕಲು ಕ್ಲಾಸ್ ಅಂತಲೇ ಹೆಸರಾಗಿದ್ದ ಮಂಕ್‌ಗೆ 2023ರ ಜೂನ್ ಕರಡಿನಲ್ಲೂ ನ್ಯಾಯ ಸಿಗಲಿಲ್ಲ. ಆಟಗಾರರು ಬೈದರು. ನವೆಂಬರ್‌ನಲ್ಲಿ ಬಂದ ಹೊಸ ಮಂಕ್ ಎಷ್ಟು ಚೆನ್ನಾಗಿತ್ತೆಂದರೆ, ಬೈದವರೇ ಹೊಗಳಿದರು. ಸರ್ವೆ ಇಲ್ಲದಿದ್ದರೆ ಆ ಮಂಕ್ ಹುಟ್ಟುತ್ತಿರಲಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಆದರೆ ಡ್ರೂಯಿಡ್ ಕತೆ ಬೇರೆ. ಡ್ರೂಯಿಡ್ ಪ್ರಾಣಿಯ ರೂಪ ತಾಳಬಲ್ಲ ಪಾತ್ರ. ಯಾವ ಪ್ರಾಣಿ ಆಗಬೇಕು ಅಂತ ಪ್ರತಿ ಸಲ ಇನ್ನೊಂದು ಪುಸ್ತಕ ತಿರುವಿ ಹಾಕಬೇಕು, ಹೊಸಬರಿಗೆ ಅದೊಂದು ತಲೆನೋವು. ಇದಕ್ಕೆ ಮದ್ದು ಅಂತ 2023ರ ಫೆಬ್ರವರಿ ಕರಡಿನಲ್ಲಿ ನೆಲದ ಪ್ರಾಣಿ, ನೀರಿನ ಪ್ರಾಣಿ, ಆಕಾಶದ ಪ್ರಾಣಿ ಅಂತ ಮೂರೇ ಸಿದ್ಧ ಅಚ್ಚು ಕೊಟ್ಟರು. ಕರಡಿಯಾದರೂ ಜಿಂಕೆಯಾದರೂ ಅಂಕಿಗಳು ಒಂದೇ. ಸಪ್ಪೆ ಅನಿಸಿತು, ಜನ ಬೇಡ ಅಂದರು, ಜೂನ್‌ನಲ್ಲಿ ಹಳೆಯ ಪದ್ಧತಿಗೇ ವಾಪಸ್. ಆ ಅಚ್ಚುಗಳು ಸಪ್ಪೆಯಾಗಿದ್ದವು, ನಿಜ. ಆದರೆ ಹೊಸಬರ ತಲೆನೋವೂ ನಿಜವಾಗಿತ್ತಲ್ಲ? ಅದನ್ನು ಬೇರೆ ದಾರಿಯಲ್ಲಿ ಬಗೆಹರಿಸುವ ಪ್ರಯತ್ನ ಅಲ್ಲಿಗೇ ಮಂಕಾಯಿತು. ಯಾಕಂದ್ರೆ ಕರಡು ಪಿಡಿಎಫ್ ಇಳಿಸಿಕೊಂಡು, ಓದಿ, ಉದ್ದದ ಸರ್ವೆ ತುಂಬಿಸುವವರು ಹೊಸಬರಲ್ಲ. ಹತ್ತು ವರ್ಷದಿಂದ ಆಡುತ್ತಿರುವವರು, ಹಳೆಯ ಡ್ರೂಯಿಡ್ ಅಭ್ಯಾಸವಾದವರು. ಆಟಕ್ಕೆ ಇನ್ನೂ ಬಾರದವರಿಗೆ ಸರ್ವೆಯಲ್ಲಿ ಓಟಿಲ್ಲ.

ಸರ್ವೆಯ ಇನ್ನೊಂದು ತೊಡಕು ಅಂಕಿಯೊಳಗೇ ಇದೆ. 60 ಪರ್ಸೆಂಟ್ ಅಂತ ಬಂದರೆ ಉಳಿದ 40ರಲ್ಲಿ ಕೆಲವರು ‘ಇದು ತೀರಾ ದುರ್ಬಲ’ ಅಂದಿರ್ತಾರೆ, ಕೆಲವರು ‘ತೀರಾ ಬಲಶಾಲಿ’ ಅಂದಿರ್ತಾರೆ, ಇನ್ನು ಕೆಲವರು ಹೆಸರು ಇಷ್ಟ ಆಗಲಿಲ್ಲ ಅಂತ ಗುಂಡಿ ಒತ್ತಿರ್ತಾರೆ. ಮೂರೂ ಒಂದೇ ಬುಟ್ಟಿಗೆ. ಇಂಥಲ್ಲಿ ಡಿಸೈನರ್‌ಗೆ ಸುಲಭದ ದಾರಿ ಯಾವುದು? ಹಳೆಯದಕ್ಕೆ ಮರಳುವುದು. ಹಾಗಾಗಿ ಅಭಿಮಾನಿಗಳಿಗೆ ಸಿಕ್ಕಿರುವುದು ಬೇಡ ಎನ್ನುವ ಅಧಿಕಾರ. ಬೇಕು ಎನ್ನುವ ಅಧಿಕಾರ ಸಿಕ್ಕಿಲ್ಲ. ಜೋ ಫಿಶರ್ ರೇಂಜರ್ ಬರೆದು ಕಳಿಸಿದ. ಇವತ್ತಿನ ಆಟಗಾರ್ತಿ ಕಂಪನಿ ಬರೆದ ರೇಂಜರ್‌ಗೆ ಅಂಕ ಕೊಡಬಹುದು, ಅಷ್ಟೇ.

ಆ ರೇಂಜರ್ ಕತೆ ಕೇಳಿದರೆ ನಗು ಬರುತ್ತೆ. 2014ರಲ್ಲಿ ಬಂದಾಗಿನಿಂದ ಅದರ ಮೇಲೆ ದೂರು. 2015ರಲ್ಲಿ ಒಂದು ಪ್ರಯೋಗ, 2016ರಲ್ಲಿ ಪೂರ್ತಿ ಪರಿಷ್ಕೃತ ಕರಡು, 2019ರಲ್ಲಿ ಮತ್ತೊಂದು, 2020ರಲ್ಲಿ ‘ಟಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್’ ಪುಸ್ತಕದಲ್ಲಿ ಬದಲಿ ಸಾಮರ್ಥ್ಯಗಳು, ಕೊನೆಗೆ 2024ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಇನ್ನೊಂದು ರೇಂಜರ್. ಇಷ್ಟೆಲ್ಲ ಆದ ಮೇಲೆ ಇಪ್ಪತ್ತನೇ ಹಂತ, ಅಂದರೆ ಆಟದ ತುತ್ತತುದಿ ತಲುಪಿದ ರೇಂಜರ್‌ಗೆ ಸಿಗುವ ಬಹುಮಾನ ಏನು ಗೊತ್ತಾ? ‘ಹಂಟರ್ಸ್ ಮಾರ್ಕ್’ ಎಂಬ ಒಂದು ಮಂತ್ರಕ್ಕೆ ಆರು ಮುಖದ ದಾಳದ ಬದಲು ಹತ್ತು ಮುಖದ ದಾಳ. ಅಷ್ಟೇ. ಹತ್ತು ವರ್ಷದ ಸಮಾಲೋಚನೆಯ ಫಲ.

ಇನ್ನು ಉಳಿದರ್ಧ ಕತೆಗೆ ಬರೋಣ. 2022ರ ಆಗಸ್ಟ್‌ನಲ್ಲಿ ಹೊಸ ಪುಸ್ತಕಗಳಿಗಾಗಿ ಸಾರ್ವಜನಿಕ ಪರೀಕ್ಷೆ ಘೋಷಿಸಿದ್ದ ಕಂಪನಿ ಅಭಿಮಾನಿಗಳನ್ನು ಬಾರ್ಡ್ ಹೇಗಿರಬೇಕು, ರೋಗ್ ಹೇಗಿರಬೇಕು ಅಂತ ಕೇಳುತ್ತಿತ್ತು. ಅದೇ ಡಿಸೆಂಬರ್‌ನಲ್ಲಿ ಕಂಪನಿಯ ಅಧ್ಯಕ್ಷೆ ಸಿಂಥಿಯಾ ವಿಲಿಯಮ್ಸ್ ಹೂಡಿಕೆದಾರರ ಮುಂದೆ, ಈ ಬ್ರ್ಯಾಂಡಿನಿಂದ ಬರಬೇಕಾದಷ್ಟು ದುಡ್ಡು ಬರ್ತಿಲ್ಲ ಎಂಬ ಅರ್ಥದ ಮಾತಾಡಿದರು. 2023ರ ಜನವರಿ 5ರಂದು ‘ಗಿಝ್‌ಮೋಡೋ’ದಲ್ಲಿ ಲಿಂಡಾ ಕೊಡೆಗಾ ಸೋರಿಕೆಯಾದ ದಾಖಲೆಯೊಂದನ್ನು ಬಯಲಿಗಿಟ್ಟರು.

ಅದು ‘ಓಪನ್ ಗೇಮ್ ಲೈಸೆನ್ಸ್’ನ ಹೊಸ ಕರಡು. ಈ ಲೈಸೆನ್ಸ್ 2000ದಿಂದ ಇತ್ತು. ಅದರ ದೆಸೆಯಿಂದಲೇ ಯಾರು ಬೇಕಾದರೂ ಡಿ ಅಂಡ್ ಡಿ ನಿಯಮಗಳ ಮೇಲೆ ತಮ್ಮದೇ ಕ್ಲಾಸ್, ತಮ್ಮದೇ ಕತೆ ಬರೆದು ಮಾರಬಹುದಿತ್ತು. ಪಾತ್‌ಫೈಂಡರ್ ಹುಟ್ಟಿದ್ದೂ ಅದರಿಂದಲೇ. ಹೊಸ ಕರಡು ಹಳೆಯ ಲೈಸೆನ್ಸನ್ನೇ ಅಮಾನ್ಯ ಮಾಡಿ, ವರ್ಷಕ್ಕೆ 7,50,000 ಡಾಲರ್ ದಾಟಿದ ವರಮಾನದ ಮೇಲೆ 25 ಪರ್ಸೆಂಟ್‌ವರೆಗೆ ರಾಯಲ್ಟಿ ಕೇಳುತ್ತಿತ್ತು. ಗಮನಿಸಿ: ಲಾಭದ ಮೇಲಲ್ಲ, ವರಮಾನದ ಮೇಲೆ.

ಇದರ ಬಗ್ಗೆ ಯಾವ ಸರ್ವೆಯೂ ಇರಲಿಲ್ಲ. ವಾರ್ಲಾಕ್ ವಿಶ್ರಾಂತಿ ಎಷ್ಟು ಹೊತ್ತು ಅಂತ ಕೇಳುವ ಕಂಪನಿ, ವಾರ್ಲಾಕ್ ಯಾರದ್ದು ಅಂತ ಕೇಳಲಿಲ್ಲ.

ಆಟಗಾರರು ಆಗ ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟರು. ಕಂಪನಿಯ ಡಿ ಅಂಡ್ ಡಿ ಬಿಯಾಂಡ್ ಸೇವೆಯ ಚಂದಾವನ್ನು ಸಾಲುಸಾಲಾಗಿ ರದ್ದು ಮಾಡಿದರು. ಪೈಝೋ ಬೇರೆ ಪ್ರಕಾಶಕರ ಜೊತೆ ಸೇರಿ ಪ್ರತ್ಯೇಕ ಮುಕ್ತ ಲೈಸೆನ್ಸ್ ಘೋಷಿಸಿತು. ಕೋಬೋಲ್ಡ್ ಪ್ರೆಸ್ ತನ್ನದೇ ಆಟ ಮಾಡ್ತೀನಿ ಅಂತ ಹೊರಟಿತು. ಜನವರಿ 19ಕ್ಕೆ ವಿಝರ್ಡ್ಸ್ ತಿದ್ದಿದ ಕರಡು ತಂದಿತು, ಈ ಸಲ ಸರ್ವೆಯ ಜೊತೆ. 15,000ಕ್ಕೂ ಹೆಚ್ಚು ಜನ ಉತ್ತರಿಸಿದರು. 88 ಪರ್ಸೆಂಟ್ ಜನ ಈ ಲೈಸೆನ್ಸ್ ಅಡಿ ಪ್ರಕಟಿಸಲ್ಲ ಅಂದರು, 89 ಪರ್ಸೆಂಟ್ ಹಳೆಯದನ್ನು ರದ್ದು ಮಾಡುವುದಕ್ಕೆ ಅತೃಪ್ತಿ ಹೇಳಿದರು. ಸರ್ವೆ ಫೆಬ್ರವರಿ 3ರ ತನಕ ನಡೆಯಬೇಕಿತ್ತು. ಜನವರಿ 27ಕ್ಕೇ ಕಂಪನಿ ಕೈ ಎತ್ತಿತು. ಹಳೆಯ ಲೈಸೆನ್ಸ್ ಮುಟ್ಟಲ್ಲ ಅಂದಿದ್ದಷ್ಟೇ ಅಲ್ಲ, ಮೂಲ ನಿಯಮಗಳ ದಾಖಲೆಯನ್ನೇ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟುಕೊಟ್ಟಿತು. ಅದರಲ್ಲಿ ಹನ್ನೆರಡೂ ಕ್ಲಾಸ್ ಇವೆ, ಒಂದೊಂದರ ಜೊತೆ ಒಂದೊಂದು ಉಪಕ್ಲಾಸ್. ಒಮ್ಮೆ ಕೊಟ್ಟರೆ ಹಿಂದಕ್ಕೆ ತಗೊಳ್ಳಲು ಬರುವುದಿಲ್ಲ.

ಇದನ್ನು ಸರ್ವೆಯ ಗೆಲುವು ಅಂತ ಬರೆದವರಿದ್ದಾರೆ. ನನಗೆ ಹಾಗನ್ನಿಸಲ್ಲ. 88 ಪರ್ಸೆಂಟ್‌ಗೆ ತೂಕ ಬಂದದ್ದು ಅದರ ಹಿಂದೆ ರದ್ದಾದ ಚಂದಾಗಳಿದ್ದವು, ಎದ್ದು ಹೋಗಲು ಬೇರೆ ಆಟಗಳಿದ್ದವು ಎಂಬ ಕಾರಣಕ್ಕೆ. ವಾರ್ಲಾಕ್, ಡ್ರೂಯಿಡ್ ಸರ್ವೆಗಳಲ್ಲಿ ಕಂಪನಿ ಅಷ್ಟು ಬೇಗ ಬಾಗಿದ್ದಕ್ಕೂ ಆ ಜನವರಿಯ ನೆನಪು ಕಾರಣ ಇದ್ದೀತು ಎಂಬುದು ನನ್ನ ಊಹೆ.

ಈಗ ಮಾರ್ಕ್ಸ್ ನೆನಪಾಗಿದ್ದವರಿಗೆ. ಇಷ್ಟೆಲ್ಲದರಲ್ಲಿ ಅಭಿಮಾನಿಗಳ ಬೈಗುಳ ತಿಂದದ್ದು ಯಾರು? ಕರಡು ಬರೆದ, ವಿಡಿಯೊದಲ್ಲಿ ಮುಖ ತೋರಿಸಿದ ಡಿಸೈನರ್‌ಗಳು. ಒಂದು ಕಾಲದಲ್ಲಿ ಕ್ರಾಫರ್ಡ್ ಅವರ ವೈಯಕ್ತಿಕ ಟ್ವೀಟುಗಳನ್ನೇ ನಿಯಮದ ಅಧಿಕೃತ ತೀರ್ಪು ಅಂತ ಪರಿಗಣಿಸುತ್ತಿದ್ದರು. 2019ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಒಬ್ಬ ನೌಕರ ಹಗಲಿರುಳು ಸಾವಿರಾರು ಜನರ ಪ್ರಶ್ನೆಗೆ ಉತ್ತರ ಹೇಳುತ್ತಾ ಕೂರುವುದನ್ನು ನಾವು ‘ಸಮುದಾಯದ ಜೊತೆ ಸಂವಾದ’ ಅಂತ ಕರೆದೆವು. ಲೈಸೆನ್ಸ್ ಬದಲಿಸಲು ಹೊರಟವರಿಗೆ ಇಂಥ ಸಂವಾದದ ಹೊರೆ ಇರಲಿಲ್ಲ.

2023ರ ಡಿಸೆಂಬರ್ 7ರಂದು ಡಿ ಅಂಡ್ ಡಿ ಆಧರಿಸಿದ ‘ಬಾಲ್ಡರ್ಸ್ ಗೇಟ್ 3’ ವರ್ಷದ ಅತ್ಯುತ್ತಮ ವಿಡಿಯೊ ಗೇಮ್ ಪ್ರಶಸ್ತಿ ಗೆದ್ದಿತು. ನಾಲ್ಕು ದಿನ ಬಿಟ್ಟು ಹ್ಯಾಸ್ಬ್ರೊ ಸುಮಾರು 1,100 ಹುದ್ದೆ ಕಡಿತ ಘೋಷಿಸಿತು. ಕೆಲಸ ಕಳೆದುಕೊಂಡವರಲ್ಲಿ ಐದನೇ ಆವೃತ್ತಿಯನ್ನು ಕ್ರಾಫರ್ಡ್ ಜೊತೆ ಮುನ್ನಡೆಸಿದ್ದ ಮೈಕ್ ಮರ್ಲ್ಸ್ ಕೂಡ ಇದ್ದರು. ಅಭಿಮಾನಿಗಳು ಬೇಸರಪಟ್ಟರು, ಪೋಸ್ಟ್ ಹಾಕಿದರು. ಜನವರಿಯಂತೆ ಚಂದಾ ರದ್ದು ಮಾಡುವ ಅಲೆ ಮಾತ್ರ ಏಳಲಿಲ್ಲ. ನಮ್ಮ ಕ್ಲಾಸ್‌ಗೆ ಕುತ್ತು ಬಂದಾಗ ಬೀದಿಗಿಳಿದವರು, ಕ್ಲಾಸ್ ಬರೆದವರ ಹೊಟ್ಟೆಗೆ ಕುತ್ತು ಬಂದಾಗ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಪೈಝೋ ನೌಕರರು ಇದನ್ನು ಅಭಿಮಾನಿಗಳಿಗೇ ಬಿಟ್ಟುಕೊಂಡಿರಲಿಲ್ಲ ಅನ್ನೋದು ಇಲ್ಲಿ ನೆನಪಾಗುತ್ತೆ. 2021ರ ಅಕ್ಟೋಬರ್‌ನಲ್ಲೇ ಅವರು ಯೂನಿಯನ್ ಕಟ್ಟಿದರು, ಕಂಪನಿ ಅದನ್ನು ಮಾನ್ಯ ಮಾಡಿತು. ಪಾತ್‌ಫೈಂಡರ್‌ನ ಹೊಸ ಕ್ಲಾಸ್‌ಗಳ ಕರಡೂ ಜನರ ಮುಂದೆ ಬರುತ್ತೆ, ಬೈಗುಳವೂ ಬೀಳುತ್ತೆ. ಆದರೆ ಆ ಕರಡು ಬರೆಯುವವರ ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಮಾತಾಡಲು ಬೇರೆಯೇ ಒಂದು ಮೇಜಿದೆ.

2025ರಲ್ಲಿ ಕ್ರಾಫರ್ಡ್, ಕ್ರಿಸ್ ಪರ್ಕಿನ್ಸ್ ಇಬ್ಬರೂ ವಿಝರ್ಡ್ಸ್ ಬಿಟ್ಟು ಡ್ಯಾರಿಂಗ್‌ಟನ್ ಪ್ರೆಸ್ ಸೇರಿದರು. ಆ ಸಂಸ್ಥೆಯ ‘ಡ್ಯಾಗರ್‌ಹಾರ್ಟ್’ ಆಟ ಕೂಡ ಮುಕ್ತ ಬೀಟಾ ದಾಟಿ ಬಂದದ್ದೇ. ಇತ್ತ ವಿಝರ್ಡ್ಸ್ ಅದೇ ಮೇ ತಿಂಗಳಲ್ಲಿ ‘ಸೈಯಾನ್’ ಎಂಬ ಮನೋಶಕ್ತಿಯ ಕ್ಲಾಸಿನ ಕರಡು ಹೊರಬಿಟ್ಟಿತು. 2017ರಲ್ಲಿ ‘ಮಿಸ್ಟಿಕ್’ ಎಂಬ ಹೆಸರಿನಲ್ಲಿ ಇಂಥದ್ದೇ ಒಂದು ಕ್ಲಾಸನ್ನು ಜನರ ಮುಂದಿಟ್ಟು, ಆಮೇಲೆ ಕೈಬಿಟ್ಟಿದ್ದರು. ಈ ಸಲವೂ ಪಿಡಿಎಫ್ ಪುಕ್ಕಟೆ ಸಿಕ್ಕಿತು, ಕೆಲವು ವಾರ ಬಿಟ್ಟು ಸರ್ವೆ ಬಂತು, ಸಾಲುಸಾಲು ಗುಂಡಿಗಳ ಜೊತೆ.